ಇಟಲಿಯಲ್ಲಿ ಬಾಡಿಗೆ ಕಾರು: ರೋಮ್‌ನಿಂದ ವೆನಿಸ್‌ವರೆಗೆ, ದಿನಕ್ಕೆ 28 ಯೂರೊ ನಂಬಬಹುದಾ?

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ಇಟಲಿ ಪ್ರವಾಸ. ದೊಡ್ಡವರು ನಾಲ್ಕು ಜನ, ಎಂಟು ವರ್ಷದ ಮಗು ಒಂದು. ರೋಮ್‌ನಲ್ಲಿ ಇಳಿದು ಮೂರು ದಿನ, ಆಮೇಲೆ ಫ್ಲಾರೆನ್ಸ್, ಸಿಯೆನಾ ಕಡೆಯ ಹಳ್ಳಿಗಳು, ಡೊಲೊಮೈಟ್ಸ್ ಬೆಟ್ಟ, ಕೊನೆಗೆ ವೆನಿಸ್. ರೋಮ್ ವಿಮಾನ ನಿಲ್ದಾಣದಲ್ಲೇ ಕಾರು ತಗೊಂಡು ವೆನಿಸ್‌ನಲ್ಲಿ ಬಿಡೋ ಯೋಚನೆ. ಬುಕಿಂಗ್ ಸೈಟಿನಲ್ಲಿ "ಫಿಯಟ್ 500 ಅಥವಾ ಅದೇ ಥರದ್ದು" ಅಂತ ದಿನಕ್ಕೆ 28 ಯೂರೊ ತೋರಿಸ್ತಿದೆ. ಕರ್ನಾಟಕದ ಡಿಎಲ್ ಇದೆ, ಫೋರೆಕ್ಸ್ ಕಾರ್ಡ್ ಇದೆ. ಇನ್ನೇನು ಬೇಕು?

ಬೊಲೊನ್ಯಾ_ಕನ್ನಡಿಗ

ಸರ್, ಫಿಯಟ್ 500ರಲ್ಲಿ ಸೀಟು ನಾಲ್ಕೇ. ನೀವು ಐದು ಜನ. ಡಿಕ್ಕಿ 185 ಲೀಟರ್, ದೊಡ್ಡ ಸೂಟ್‌ಕೇಸ್ ಒಂದೂ ನೆಟ್ಟಗೆ ಕೂರಲ್ಲ. ಆ 28 ಯೂರೊ ಅಲ್ಲಿಗೇ ಮುಗೀತು.

ಎರಡನೆಯದು, ರೋಮ್‌ನಲ್ಲಿ ಕಾರು ತಗೋಬೇಡಿ. ಮೂರು ದಿನ ಪಾರ್ಕಿಂಗ್‌ಗೆ ದುಡ್ಡು ಕೊಟ್ಟು ನಿಲ್ಲಿಸಿಕೊಂಡಿರೋದಷ್ಟೇ ಆಗುತ್ತೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಹೈಸ್ಪೀಡ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಫ್ಲಾರೆನ್ಸ್ ಊರನ್ನೂ ನಡೆದೇ ನೋಡಿ ಮುಗಿಸಿ. ಊರು ಬಿಡುವ ದಿನ ಬೆಳಿಗ್ಗೆ ಅಲ್ಲಿನ ಪೆರೆತೊಲಾ ವಿಮಾನ ನಿಲ್ದಾಣಕ್ಕೆ ಟ್ರಾಮ್‌ನಲ್ಲಿ ಹೋಗಿ ಕಾರು ತಗೊಳ್ಳಿ. ಊರೊಳಗಿನ ಬಾಡಿಗೆ ಕಚೇರಿಗಳು ಒಂದೆರಡು ಯೂರೊ ಅಗ್ಗ ಇರಬಹುದು. ಆದರೆ ಭಾನುವಾರ ಮುಚ್ಚಿರುತ್ತೆ, ಮಧ್ಯಾಹ್ನ ಊಟದ ಹೊತ್ತಿಗೂ ಮುಚ್ಚುತ್ತೆ, ಮೇಲಾಗಿ ನಿರ್ಬಂಧಿತ ವಲಯದ ಅಂಚಲ್ಲೇ ಇರುತ್ತೆ.

ವೆನಿಸ್‌ನಲ್ಲಿ ಬಿಡೋದಾದರೆ ಮಾರ್ಕೊ ಪೋಲೊ ವಿಮಾನ ನಿಲ್ದಾಣ ಅಥವಾ ದ್ವೀಪದ ಈಚೆ ನೆಲದ ಮೇಲಿರೋ ಮೆಸ್ತ್ರೆ. ದ್ವೀಪದ ಊರಿಗೆ ರಸ್ತೆ ಪಿಯಾತ್ಸಾಲೆ ರೋಮಾದಲ್ಲಿ ಕೊನೆ, ಅದರಾಚೆ ದೋಣಿ ಇಲ್ಲವೇ ಕಾಲು.

ಹಂಗಾಗಿ ನಿಮಗೆ ಕಾರು ಬೇಕಿರೋದು ಪೂರ್ತಿ ಪ್ರವಾಸಕ್ಕಲ್ಲ, 6 ಅಥವಾ 7 ದಿನಕ್ಕೆ.

ಕಡಲತಡಿ

ಕಾರಿನ ಫೋಟೊ ನೋಡಿ ಬುಕ್ ಮಾಡಬೇಡಿ. ಫೋಟೊದ ಕೆಳಗೆ ನಾಲ್ಕು ಅಕ್ಷರದ ಸಂಕೇತ ಇರುತ್ತದೆ, ಅದನ್ನು ಓದಿ. ಮೊದಲ ಅಕ್ಷರ ಗಾತ್ರ, ಎರಡನೆಯದು ಬಾಡಿ, ಮೂರನೆಯದು ಗೇರು, ನಾಲ್ಕನೆಯದು ಇಂಧನ ಮತ್ತು ಎಸಿ. ಉದಾಹರಣೆಗೆ ಸಿ-ಡಿ-ಎಂ-ಆರ್ ಅಂದರೆ ಕಾಂಪ್ಯಾಕ್ಟ್, ನಾಲ್ಕು–ಐದು ಬಾಗಿಲು, ಮ್ಯಾನ್ಯುವಲ್, ಎಸಿ ಇದೆ. ಮೂರನೆಯದು 'ಎ' ಆದರೆ ಆಟೊಮ್ಯಾಟಿಕ್. ಎರಡನೆಯದು 'ಡಬ್ಲ್ಯು' ಆದರೆ ಹಿಂಭಾಗ ಉದ್ದ ಇರುವ ಸ್ಟೇಷನ್ ವ್ಯಾಗನ್.

ಐದು ಜನಕ್ಕೆ ಐ-ಡಬ್ಲ್ಯು, ಅಂದರೆ ಮಧ್ಯಮ ಗಾತ್ರದ ವ್ಯಾಗನ್, ಎಂದು ಶುರುವಾಗುವ ವರ್ಗ ನೋಡಿ. ಎಸ್‌ಯುವಿ ಎಂದು ಆಸೆ ಪಡುವುದು ಬೇಡ: ಎತ್ತರ ಜಾಸ್ತಿ, ಡಿಕ್ಕಿ ಕಮ್ಮಿ, ಹಳ್ಳಿಯ ಗಲ್ಲಿಯಲ್ಲಿ ಅಗಲವೂ ತೊಂದರೆ. ಏಳು ಸೀಟಿನದ್ದು ಕೂಡ ಮೋಸವೇ. ಮೂರನೇ ಸಾಲು ಬಿಚ್ಚಿದರೆ ಸಾಮಾನಿಗೆ ಜಾಗವೇ ಇಲ್ಲ. 28 ಇಂಚಿನ ಸೂಟ್‌ಕೇಸ್ ಎರಡೇ ಇರಲಿ, ಉಳಿದದ್ದು ಮೆತ್ತನೆಯ ಬ್ಯಾಗು. ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಬ್ಯಾಗು ಮೂಲೆಗೆ ಒತ್ತಿಕೊಳ್ಳುತ್ತದೆ.

ಎಲ್ಲ ಸಾಮಾನೂ ಡಿಕ್ಕಿಯ ಪರದೆ ಕೆಳಗೆ ಮುಚ್ಚಿಹೋಗಬೇಕು, ಇದು ಮುಖ್ಯ. ಹೊರಗೆ ಕಾಣುವ ಬ್ಯಾಗು ಅಂದರೆ ಒಡೆದ ಗಾಜು. ಹೆದ್ದಾರಿ ಪಕ್ಕದ ಹೋಟೆಲ್ ಪಾರ್ಕಿಂಗ್‌ಗಳಲ್ಲಿ ಇದು ಮಾಮೂಲು. ಪಾಸ್‌ಪೋರ್ಟುಗಳನ್ನು ಕಾರಿನಲ್ಲಿ ಬಿಟ್ಟು ಇಳಿಯಲೇಬೇಡಿ.

ಘಾಟಿರಸ್ತೆ

ಕಾಗದ ಪತ್ರದ ವಿಷಯ. ಕರ್ನಾಟಕದ ಡಿಎಲ್ ಒಂದೇ ಸಾಲದು. ಯುರೋಪಿಯನ್ ಒಕ್ಕೂಟದ ಹೊರಗಿನ ಲೈಸೆನ್ಸ್‌ಗೆ ಇಟಲಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಇಲ್ಲವೇ ಅಧಿಕೃತ ಅನುವಾದ ಬೇಕು. ಕೌಂಟರಿನಲ್ಲಿ ಕೆಲವೊಮ್ಮೆ ಕೇಳದೆ ಕೀಲಿ ಕೊಟ್ಟುಬಿಡ್ತಾರೆ. ರಸ್ತೆಯಲ್ಲಿ ಪೊಲೀಸ್ ಹಿಡಿದರೆ ದಂಡ ನೂರಾರು ಯೂರೊ, ಅಪಘಾತವಾದರೆ ವಿಮೆ ಕಂಪನಿಗೆ ಜಾರಿಕೊಳ್ಳೋಕೆ ಅದೇ ನೆಪ.

ಐಡಿಪಿ ಸಿಗೋದು ಆರ್‌ಟಿಒದಲ್ಲಿ. ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ನಂಬರ್ ಹಾಕಿ ನಮೂನೆ 4ಎ ತುಂಬಬೇಕು, ಶುಲ್ಕ 1000 ರೂಪಾಯಿ. 2021ರ ತಿದ್ದುಪಡಿ ಆದಮೇಲೆ ನಿಯಮದ ಪ್ರಕಾರ ಮೆಡಿಕಲ್ ಸರ್ಟಿಫಿಕೇಟೂ ಬೇಕಿಲ್ಲ, ವೀಸಾನೂ ಬೇಕಿಲ್ಲ. ಆದರೂ ಪಾಸ್‌ಪೋರ್ಟ್, ಟಿಕೆಟ್, ವೀಸಾ ಪ್ರತಿ ಕೈಲಿಟ್ಟುಕೊಂಡೇ ಹೋಗಿ, ಕಿಟಕಿಯಲ್ಲಿ ನಿಂತು ನಿಯಮ ವಾದಿಸೋದಕ್ಕಿಂತ ಅದು ಸುಲಭ. ಅವಧಿ ಒಂದು ವರ್ಷ. ಡಿಎಲ್ ಅದಕ್ಕೂ ಮುಂಚೆ ಮುಗಿಯೋದಾದರೆ ಐಡಿಪಿಯೂ ಅಲ್ಲಿಗೇ ಮುಗಿಯುತ್ತೆ. 40 ದಾಟಿದವರು ಡಿಎಲ್ ನವೀಕರಣದ ದಿನಾಂಕ ಮೊದಲು ನೋಡಿಕೊಳ್ಳಿ.

ಐಡಿಪಿ ಅನ್ನೋದು ಡಿಎಲ್‌ಗೆ ಬದಲಿ ಅಲ್ಲ, ಜೊತೆಗಿರಬೇಕಾದದ್ದು. ಮೂಲ ಪ್ಲಾಸ್ಟಿಕ್ ಕಾರ್ಡೇ ಬೇಕು. ಡಿಜಿಲಾಕರ್ ಬೆಂಗಳೂರಿನ ಟ್ರಾಫಿಕ್ ಪೊಲೀಸ್‌ಗೆ ನಡೆಯುತ್ತೆ, ಫ್ಲಾರೆನ್ಸ್ ಕೌಂಟರಿಗೆ ನಡೆಯಲ್ಲ.

ಚಿಕ್ಕಪೇಟೆ_ಚೌಕಾಸಿ

ಆರ್‌ಟಿಒ ಅಲೆದಾಟ ಯಾಕೆ? ಆನ್‌ಲೈನ್‌ನಲ್ಲಿ 20 ಡಾಲರ್‌ಗೆ "ಇಂಟರ್‌ನ್ಯಾಷನಲ್ ಲೈಸೆನ್ಸ್" ಪಿಡಿಎಫ್ ಹತ್ತೇ ನಿಮಿಷಕ್ಕೆ ಬರುತ್ತಲ್ಲ.

ಘಾಟಿರಸ್ತೆ

ಅದು ಖಾಸಗಿಯವರು ಮಾಡಿಕೊಡೋ ಅನುವಾದದ ಹಾಳೆ ಸ್ವಾಮಿ. 1949ರ ಜಿನೀವಾ ಒಪ್ಪಂದದ ಪ್ರಕಾರ ಸರ್ಕಾರ ಕೊಡುವ ಪುಸ್ತಕಕ್ಕಷ್ಟೇ ಬೆಲೆ. 2022ರಲ್ಲಿ ಇಡೀ ದೇಶಕ್ಕೆ ಒಂದೇ ನಮೂನೆ ಮಾಡಿ ಕ್ಯುಆರ್ ಕೋಡ್ ಕೂಡ ಸೇರಿಸಿದ್ದಾರೆ. ಪಿಡಿಎಫ್ ತೋರಿಸಿದರೆ ಐಡಿಪಿ ಇಲ್ಲ ಅಂತಲೇ ಲೆಕ್ಕ.

ಕಡಲತಡಿ

ಕಾಗದದ ಜೊತೆ ಹೆಸರಿನ ಗೋಜಲೂ ನೋಡಿಕೊಳ್ಳಿ. ನಮ್ಮ ಕಡೆಯ ಇನಿಶಿಯಲ್‌ಗಳಿಂದ ಬರುವ ತೊಂದರೆ ಇದು. ಡಿಎಲ್‌ನಲ್ಲಿ "ಕೆ ಎಸ್" ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಮುಂದೆ, ಕ್ರೆಡಿಟ್ ಕಾರ್ಡಿನಲ್ಲಿ ಇನಿಶಿಯಲ್ಲೇ ಇಲ್ಲ. ಕೌಂಟರಿನವರು ಡಿಎಲ್, ಐಡಿಪಿ, ಪಾಸ್‌ಪೋರ್ಟ್, ಕಾರ್ಡ್ ನಾಲ್ಕನ್ನೂ ಸಾಲಾಗಿ ಇಟ್ಟು ನೋಡುತ್ತಾರೆ. ಬುಕಿಂಗನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಮಾಡಿ. ಕಾರ್ಡ್ ಮೇಲಿನ ಹೆಸರು ತೀರಾ ಬೇರೆ ಇದ್ದರೆ ಬ್ಯಾಂಕಿನಿಂದ ಬದಲಿ ಕಾರ್ಡ್ ಈಗಲೇ ತರಿಸಿಕೊಳ್ಳಿ.

ವಿಮೆ_ಲೆಕ್ಕ

ಫೋರೆಕ್ಸ್ ಕಾರ್ಡ್ ಸುದ್ದಿಗೆ ಬರೋಣ. ಡೆಪಾಸಿಟ್‌ಗೆ ಅದು ನಡೆಯುವುದಿಲ್ಲ ಎಂದೇ ತಿಳಿದುಕೊಳ್ಳಿ. ಬೇಕಾದದ್ದು ಮುಖ್ಯ ಚಾಲಕನ ಹೆಸರಿನಲ್ಲೇ ಇರುವ, ಉಬ್ಬು ಅಕ್ಷರವೋ ಸಾದಾ ಅಕ್ಷರವೋ, ಒಟ್ಟಿನಲ್ಲಿ ಕ್ರೆಡಿಟ್ ಕಾರ್ಡ್. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆದರೆ ತಕರಾರಿಲ್ಲ. ಹೆಂಡತಿ ಓಡಿಸಿ ಗಂಡನ ಕಾರ್ಡ್ ಕೊಟ್ಟರೆ ಒಪ್ಪುವುದಿಲ್ಲ. ಬುಕಿಂಗ್ ದುಡ್ಡು ವಾಪಸ್ ಬರುವುದೂ ಅನುಮಾನ.

ಕಾರ್ಡಿನಲ್ಲಿ ಹೊರದೇಶದ ಬಳಕೆ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿದ್ದೀರಾ ನೋಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಅದರಲ್ಲೂ ಮಷಿನ್ ಬಳಕೆಯ ಮಿತಿ ಬೇರೆ, ಆನ್‌ಲೈನ್ ಮಿತಿ ಬೇರೆ. ಎರಡನ್ನೂ ಏರಿಸಿ. ಕೌಂಟರಿನಲ್ಲಿ ಸಾಮಾನ್ಯವಾಗಿ 800ರಿಂದ 2500 ಯೂರೊವರೆಗೆ ಬ್ಲಾಕ್ ಮಾಡುತ್ತಾರೆ. ಅಂದರೆ ಕಾರ್ಡಿನಲ್ಲಿ ಎರಡೂವರೆ ಲಕ್ಷ ರೂಪಾಯಿ ಖಾಲಿ ಮಿತಿ ಬೇಕಾದೀತು. ಕಾರು ವಾಪಸ್ ಕೊಟ್ಟ ಮೇಲೆ ಆ ಬ್ಲಾಕ್ ಬಿಡಲು ಒಂದು ವಾರದಿಂದ ಒಂದು ತಿಂಗಳು. ಅದೇ ಕಾರ್ಡಿನಲ್ಲಿ ಹೋಟೆಲ್ ಬಿಲ್ಲೂ ಕಟ್ಟುವ ಲೆಕ್ಕ ಇಟ್ಟುಕೊಂಡರೆ ಪ್ರವಾಸದ ನಡುವೆ ಮಿತಿ ಮುಗಿಯುತ್ತದೆ.

ಮಷಿನ್‌ನಲ್ಲಿ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೊದಲ್ಲಾ" ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹಾಕಿದ್ದೇ ದರ.

ಇನ್ನು ವಿಮೆ. ಇಟಲಿಯಲ್ಲಿ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಕಡ್ಡಾಯ, ಬಾಡಿಗೆಯಲ್ಲೇ ಸೇರಿರುತ್ತದೆ. ಅಪಘಾತದಲ್ಲಿ ಕಾರಿಗಾಗುವ ಹಾನಿ ಮತ್ತು ಕಳ್ಳತನದ ರಕ್ಷಣೆಯೂ ಸಾಮಾನ್ಯವಾಗಿ ಸೇರಿರುತ್ತದೆ, ಆದರೆ ಎಕ್ಸೆಸ್ ಜೊತೆಗೆ, ಅಂದರೆ ಹಾನಿಯಲ್ಲಿ ನೀವೇ ಭರಿಸಬೇಕಾದ ಪಾಲು. ಇಟಾಲಿಯನ್ನಿನಲ್ಲಿ ಫ್ರಾಂಕೀಜಿಯಾ ಎನ್ನುತ್ತಾರೆ. ಎಕ್ಸೆಸ್ 1200 ಯೂರೊ ಎಂದಿದ್ದರೆ 300ರ ಗೀರೂ ಪೂರ್ತಿ ನಿಮ್ಮ ಖರ್ಚು, 5000ದ ಜಖಂಗೆ 1200 ನಿಮ್ಮದು. ಜನ ಎಡವುವುದು ಇಲ್ಲೇ. "ವಿಮೆ ಸೇರಿದೆ" ಎಂಬ ಹಸಿರು ಗುರುತು ನೋಡಿ ಮುಂದಕ್ಕೆ ಹೋಗುತ್ತಾರೆ, ಎಕ್ಸೆಸ್ ಅಂಕಿ ಓದುವುದಿಲ್ಲ.

ಎಕ್ಸೆಸ್‌ನ ಒಳಗೂ ಬಾರದ ಪಟ್ಟಿ ಒಂದಿರುತ್ತದೆ: ಟೈರು, ರಿಮ್, ಗಾಜು, ಕಾರಿನ ತಳ, ಚಾವಣಿ, ಕ್ಲಚ್, ಕಳೆದುಹೋದ ಕೀಲಿ, ತಪ್ಪು ಇಂಧನ. ಇವಕ್ಕೆ ಮೂಲ ರಕ್ಷಣೆ ಇಲ್ಲವೇ ಇಲ್ಲ. ಫ್ಲಾರೆನ್ಸ್, ಸಿಯೆನಾ ಇರುವ ಟಸ್ಕನಿ ಪ್ರಾಂತದಲ್ಲಿ ಊರಾಚೆಯ ತೋಟದ ಮನೆಗಳಿಗೆ ಹೋಗುವ ಬಿಳಿ ಜಲ್ಲಿ ರಸ್ತೆಗಳಿವೆಯಲ್ಲ, ಅಲ್ಲಿ ಏಟು ಬೀಳುವುದು ಸರಿಯಾಗಿ ಟೈರಿಗೂ ತಳಕ್ಕೂ.

ದಾರಿ ಎರಡು. ಕೌಂಟರಿನಲ್ಲೇ ಎಕ್ಸೆಸ್ ಸೊನ್ನೆ ಮಾಡುವ ಪ್ಯಾಕೇಜು, ಅಂದಾಜು ದಿನಕ್ಕೆ 20ರಿಂದ 30 ಯೂರೊ. ಇಲ್ಲವೇ ಹೊರಗಿನ ವಿಮೆ ಕಂಪನಿಯ ಎಕ್ಸೆಸ್ ಮರುಪಾವತಿ ಪಾಲಿಸಿ, ದಿನಕ್ಕೆ 5ರಿಂದ 8. ಎರಡನೆಯದರಲ್ಲಿ ಡೆಪಾಸಿಟ್ ಬ್ಲಾಕ್ ಆಗೇ ಆಗುತ್ತದೆ, ಹಾನಿಯಾದರೆ ಮೊದಲು ನಿಮ್ಮ ಕಾರ್ಡಿನಿಂದಲೇ ಕಡಿಯುತ್ತಾರೆ, ನೀವು ಆಮೇಲೆ ಕ್ಲೇಮ್ ಮಾಡಬೇಕು. ಕ್ಲೇಮ್‌ಗೆ ಬಾಡಿಗೆ ಒಪ್ಪಂದ, ಹಾನಿಯ ವರದಿ, ಕೊನೆಯ ಬಿಲ್, ಕಾರ್ಡ್ ಸ್ಟೇಟ್‌ಮೆಂಟ್ ಬೇಕು. ಪಾಲಿಸಿ ಭಾರತದ ನಿವಾಸಿಗಳಿಗೆ ಅನ್ವಯವಾಗುತ್ತದೆಯೇ ಎಂಬ ಸಾಲು ಹುಡುಕಿ ಓದಿ. ಎಷ್ಟೋ ಪಾಲಿಸಿಗಳು ಯುರೋಪಿನವರಿಗೆ ಮಾತ್ರ.

ಚಿಕ್ಕಪೇಟೆ_ಚೌಕಾಸಿ

ಹೊರಗಿನ ಪಾಲಿಸಿಯೇ ಸೈ. ಏಳು ದಿನಕ್ಕೆ 175 ಯೂರೊ ಎಲ್ಲಿ, 45 ಎಲ್ಲಿ!

ವಿಮೆ_ಲೆಕ್ಕ

ಎರಡೂವರೆ ಲಕ್ಷ ಮಿತಿ ಖಾಲಿ ಇದ್ದವರಿಗೆ, ಊರಿಗೆ ಬಂದು ಕಾಗದ ಕಳಿಸುವ ತಾಳ್ಮೆ ಇದ್ದವರಿಗೆ ಹೌದು. ಮೊದಲ ಸಲ ಬಲಗಡೆ ಓಡಿಸುವವರಿಗೆ ನನ್ನ ಓಟು ಕೌಂಟರಿನ ಸೊನ್ನೆ ಎಕ್ಸೆಸ್‌ಗೆ. ಡೆಪಾಸಿಟ್ಟೂ ಬಹಳ ಕಡಿಮೆಯಾಗುತ್ತದೆ. ಆದರೆ ಬುಕಿಂಗ್ ಸೈಟಿನಲ್ಲಿ "ಪೂರ್ಣ ರಕ್ಷಣೆ" ಎಂದು ಕೊಂಡು, ಕೌಂಟರಿನಲ್ಲಿ ಅವರು ಹೆದರಿಸಿದರೆಂದು ಮತ್ತೊಮ್ಮೆ ಕೊಳ್ಳಬೇಡಿ. ಸೈಟಿನದ್ದು ಮರುಪಾವತಿ ಪಾಲಿಸಿ, ಕೌಂಟರಿನವರಿಗೆ ಅದರ ಸಂಬಂಧವಿಲ್ಲ. ಯಾವುದಾದರೂ ಒಂದು.

ಹುಬ್ಬಳ್ಳಿ_ಗ್ಯಾರೇಜ್

ಗಾಡಿ ಓಡಸೂದ್ರ ಬಗ್ಗೆ ಯಾರೂ ಹೇಳವಲ್ರಿ. ನಾ ಹೇಳ್ತೀನಿ ಕೇಳ್ರಿ.

ನಮ್ಮಲ್ಲಿ ಡ್ರೈವರ್ ಬಲಕ್ಕ ಕೂಡ್ತಾನ, ಗಾಡಿ ಮೈ ಎಲ್ಲಾ ಎಡಕ್ಕ ಇರ್ತದ. ಅಲ್ಲಿ ತಿರುಗಾ ಮುರುಗಾ. ಕಣ್ಣಿಗೆ ಮಾತ್ರ ಹಳೇ ರೂಢಿನ ಇರ್ತದ. ಅದಕ್ಕ ಗೊತ್ತಿಲ್ದಂಗ ಗಾಡಿ ಬಲಕ್ಕ ಸರೀತದ. ಬಲಗಡೆ ಕನ್ನಡಿ ಇನ್ನೊಂದು ಗಾಡಿಗೆ ಬಡೀತದ, ಬಲಗಡೆ ರಿಮ್ಮು ಫುಟ್‌ಪಾತ್ ಕಲ್ಲಿಗೆ ಉಜ್ಜತದ. ಬಾಡಿಗಿ ಗಾಡಿಯ ಬಲಗಡೆ ರಿಮ್ಮು ಕೆತ್ತೋದು ಇದಕ್ಕ. ಉಪಾಯ ಇಷ್ಟರೀ: ಬಾನೆಟ್ ಮುಂದ ನೋಡಬ್ಯಾಡ್ರಿ, ಲೇನಿನ ದೂರದ ತುದಿ ನೋಡ್ರಿ. ಬಾಜೂಕ ಕೂತವ್ರು ಬಲಗಡೆ ಎಷ್ಟು ಜಾಗ ಅದ ಅಂತ ಮೊದಲ ಎರಡು ತಾಸು ಹೇಳ್ತಾ ಇರಲಿ.

ಇಂಡಿಕೇಟರ್ ಕಡ್ಡಿ ಎಡಗಡೆ ಇರ್ತದ. ಮಾರುತಿ, ಹ್ಯುಂಡೈ ಓಡಿಸಿದವ್ರು ತಿರುಗೂ ಹೊತ್ತಿಗೆ ವೈಪರ್ ಹಾಕ್ತಾರ. ಅಲ್ಲಿನವ್ರು ನಗ್ತಾರ, ನಗಲಿ ಬಿಡ್ರಿ.

ಎಡಕ್ಕ ತಿರುಗೂದು ದೊಡ್ಡ ಸುತ್ತು, ಬಲಕ್ಕ ತಿರುಗೂದು ಸಣ್ಣ ಸುತ್ತು. ಖಾಲಿ ರಸ್ತೆ, ಬೆಳಿಗ್ಗಿ ಹೊತ್ತು, ಪೆಟ್ರೋಲ್ ಬಂಕಿನಿಂದ ಹೊರಗ ಬರೂ ಹೊತ್ತು: ತಪ್ಪು ಬದಿಗೆ ಹೋಗೂದು ಈ ಮೂರರಾಗ. ಬ್ಯಾರೆ ಗಾಡಿ ಮುಂದಿದ್ರ ಅದರ ಹಿಂದ ಹೋಗ್ತೀವಿ, ಇಲ್ಲಂದ್ರ ಹಳೇ ಕೈ ಎಡಕ್ಕ ಎಳೀತದ. ಸರ್ಕಲ್ಲಿನ್ಯಾಗ ಎಡಗಡೆಯಿಂದ ಬರವ್ರಿಗೆ ದಾರಿ ಬಿಡ್ರಿ, ಗಡಿಯಾರದ ಉಲ್ಟಾ ಸುತ್ತು ಹೋಗ್ರಿ. ಕೆಂಪು ದೀಪಕ್ಕ ಬಲಕ್ಕೂ ತಿರುಗಂಗಿಲ್ಲ.

ಗೇರು ಮ್ಯಾನ್ಯುವಲ್ಲ ತಗೊಂಡ್ರ ಬಲಗೈಲೆ ಹಾಕಬೇಕು, ಅದು ಅರ್ಧ ದಿನದಾಗ ಬರ್ತದ. ಆದ್ರ ಹಾಫ್ ಕ್ಲಚ್ ಚಟ ಇದ್ದವ್ರು ಬ್ಯಾಡ್ರಿ. ಸಿಯೆನಾ ಕಡೆ ಊರೆಲ್ಲಾ ಗುಡ್ಡದ ಮ್ಯಾಲೆ, ಏರಿನ್ಯಾಗ ನಿಂತು ನಿಂತು ಕ್ಲಚ್ ಸುಡ್ತದ. ವಿಮಾದವ್ರು ಕ್ಲಚ್‌ಗೆ ಒಂದ್ ಪೈಸಾ ಕೊಡಂಗಿಲ್ಲ, ಮ್ಯಾಲೆ ಹೇಳ್ಯಾರ ನೋಡ್ರಿ.

ಘಾಟಿರಸ್ತೆ

ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೂ ಇವರಿಗೆ ಆಟೊಮ್ಯಾಟಿಕ್ಕೇ ಆಗಬೇಕು ಅಂತೇನಿಲ್ಲ. ಇಟಲಿಯಲ್ಲಿ ಆಟೊಮ್ಯಾಟಿಕ್ ಗಾಡಿ ಕಡಿಮೆ, ಬಾಡಿಗೆ ಜಾಸ್ತಿ. ಸೆಪ್ಟೆಂಬರ್‌ಗೆ ಬೇಕಾದರೆ ಎರಡು ಮೂರು ತಿಂಗಳ ಮುಂಚೆ ಬುಕ್ ಮಾಡಬೇಕು. ನಗರದೊಳಗೆ ಹೋಗದೆ ಬೆಟ್ಟ ಮತ್ತು ಹೆದ್ದಾರಿಯಲ್ಲೇ ಓಡಿಸೋದಾದರೆ ಮ್ಯಾನ್ಯುವಲ್ ಚೆನ್ನಾಗೇ ಆಗುತ್ತೆ.

ಡೊಲೊಮೈಟ್ಸ್‌ನಲ್ಲಿ ಪೊರ್ದೊಯ್ ಪಾಸ್ 2239 ಮೀಟರ್. ಅರಾಬ್ಬಾ ಕಡೆಯಿಂದ ಹತ್ತಿದರೆ 33 ಹೇರ್‌ಪಿನ್ ತಿರುವು. ಆಗುಂಬೆಯ 14 ಹತ್ತಿದವರಿಗೆ ಇದೇನೂ ಭಯದ್ದಲ್ಲ, ರಸ್ತೆ ಇನ್ನೂ ಚೊಕ್ಕ. ಇಳಿಯೋವಾಗ ಮಾತ್ರ ಎಚ್ಚರ: ಹತ್ತಿದ ಗೇರಿನಲ್ಲೇ ಇಳಿಯಿರಿ, ಎರಡು ಅಥವಾ ಮೂರು. ಐದು ಜನ, ತುಂಬಿದ ಡಿಕ್ಕಿ ಇಟ್ಟುಕೊಂಡು ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತೆ. ಆಟೊಮ್ಯಾಟಿಕ್‌ನಲ್ಲಿ ಮ್ಯಾನ್ಯುವಲ್ ಮೋಡ್‌ಗೆ ಹಾಕಿ ಗೇರ್ ಇಳಿಸಿ. ಕಿರಿದಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡೋ ರೂಢಿ ಅಲ್ಲೂ ಇದೆ. ಸೈಕಲ್‌ನವರು ತುಂಬಾ, ತಿರುವಿನಲ್ಲಿ ಓವರ್‌ಟೇಕ್ ಬೇಡ.

ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟೈರು ಅಥವಾ ಚೈನು ಕಡ್ಡಾಯ ಇರುವ ರಸ್ತೆಗಳು ಇವು. ಸೆಪ್ಟೆಂಬರ್‌ಗೆ ಆ ಚಿಂತೆ ಇಲ್ಲ. ಆದರೆ ಬ್ರಾಯೆಸ್ ಸರೋವರ ನೋಡೋದಿದ್ದರೆ ದಿನಾಂಕ ನೋಡಿಕೊಳ್ಳಿ. ಕೆಲವು ವರ್ಷಗಳಿಂದ ಜುಲೈ 10ರಿಂದ ಸೆಪ್ಟೆಂಬರ್ 10ರವರೆಗೆ ಹಗಲು ಹೊತ್ತು ಕಾರಿನಲ್ಲಿ ಹೋಗೋಕೆ ಮುಂಗಡ ಬುಕಿಂಗ್ ಬೇಕು. ತ್ರೆ ಚೀಮೆ ಶಿಖರಗಳ ಕೆಳಗಿನ ಟೋಲ್ ರಸ್ತೆಗೂ 2025ರಿಂದ ಆನ್‌ಲೈನ್‌ನಲ್ಲೇ ಮೊದಲು ಕಾದಿರಿಸಬೇಕು.

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ಧನ್ಯವಾದ. ಬೊಲೊನ್ಯಾದವರು "ನಿರ್ಬಂಧಿತ ವಲಯ" ಅಂದರಲ್ಲ, ಅದೇನು? ಗೂಗಲ್ ಮ್ಯಾಪ್ ಹಾಕಿಕೊಂಡು ಹೋದರೆ ಸಾಲದೇ?

ಬೊಲೊನ್ಯಾ_ಕನ್ನಡಿಗ

ಸಾಲದು. ಇಡೀ ಪ್ರವಾಸದಲ್ಲಿ ದುಡ್ಡು ಕಳೆಯೋದು ಇಲ್ಲೇ, ಸ್ವಲ್ಪ ಉದ್ದ ಬರೀತೀನಿ.

ಝಡ್‌ಟಿಎಲ್ ಅಂತಾರೆ, ಝೋನಾ ಎ ಟ್ರಾಫಿಕೊ ಲಿಮಿಟಾತೊ. ಹಳೇ ಊರಿನ ನಡುಭಾಗಕ್ಕೆ ಅಲ್ಲಿನ ನಿವಾಸಿಗಳ ಗಾಡಿ, ಅನುಮತಿ ಇರುವ ಗಾಡಿ ಮಾತ್ರ. ಫ್ಲಾರೆನ್ಸ್, ಸಿಯೆನಾ, ಪೀಸಾ, ಲುಕ್ಕಾ, ಬೊಲೊನ್ಯಾ, ರೋಮ್ ಎಲ್ಲ ಕಡೆ ಇದೆ, ಸಣ್ಣ ಊರಲ್ಲೂ ಇದೆ. ಗೇಟು ಇರಲ್ಲ, ಪೊಲೀಸ್ ಇರಲ್ಲ, ಕಂಬದ ಮೇಲೆ ಕ್ಯಾಮೆರಾ ಅಷ್ಟೇ. ಬಿಳಿ ಬೋರ್ಡಿನಲ್ಲಿ ಕೆಂಪು ಉಂಗುರ, ಕೆಳಗೆ ಸಮಯ ಬರೆದಿರುತ್ತೆ. ದೊಡ್ಡ ಊರಲ್ಲಿ ದೀಪದ ಫಲಕ: "ವಾರ್ಕೊ ಅತ್ತೀವೊ" ಅಂತ ಇದ್ದರೆ ಕ್ಯಾಮೆರಾ ಕೆಲಸ ಮಾಡ್ತಿದೆ, ಒಳಗೆ ಹೋಗಬೇಡಿ. "ನೊನ್ ಅತ್ತೀವೊ" ಆದರೆ ಹೋಗಬಹುದು. ನಮ್ಮವರು "ಅತ್ತೀವೊ" ನೋಡಿ ದಾರಿ ತೆರೆದಿದೆ ಅಂದುಕೊಳ್ತಾರೆ, ಅರ್ಥ ಪೂರ್ತಿ ಉಲ್ಟಾ.

ದಂಡ ಸುಮಾರು 80ರಿಂದ 100 ಯೂರೊ, ಅದರ ಮೇಲೆ ಅಂಚೆ ಖರ್ಚು. ಇಷ್ಟೇ ಅಲ್ಲ. ಪೊಲೀಸರು ಬಾಡಿಗೆ ಕಂಪನಿಗೆ "ಚಾಲಕ ಯಾರು" ಅಂತ ಬರೀತಾರೆ. ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಕಂಪನಿ ನಿಮ್ಮ ಕಾರ್ಡಿನಿಂದ ಒಂದೊಂದು ದಂಡಕ್ಕೂ 30ರಿಂದ 60 ಯೂರೊ ಕಡಿಯುತ್ತೆ. ಇದು ದಂಡ ಅಲ್ಲ, ಕಚೇರಿ ಶುಲ್ಕ. ಇದನ್ನೇ ದಂಡ ಅಂದುಕೊಂಡು ಮುಗೀತು ಅಂತ ಬಿಡಬೇಡಿ, ಅಸಲಿ ನೋಟಿಸು ತಿಂಗಳುಗಳ ಮೇಲೆ ಜಯನಗರಕ್ಕೇ ಬರುತ್ತೆ. ವಿದೇಶದವರಿಗೆ ನೋಟಿಸು ಕಳಿಸೋಕೆ ಅವರಿಗೆ 360 ದಿನ ಕಾಲಾವಕಾಶ. ನೋಟಿಸು ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿತ.

ಗೂಗಲ್ ಮ್ಯಾಪ್ ಹತ್ತಿರದ ದಾರಿ ತೋರಿಸುತ್ತೆ, ನಿಮ್ಮ ನಂಬರ್ ಪ್ಲೇಟಿಗೆ ಅನುಮತಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮಾಡಬೇಕಾದದ್ದು ಏನಂದರೆ, ಗುರಿಯನ್ನು ಹೋಟೆಲಿಗೆ ಹಾಕಬೇಡಿ, ಊರ ಗೋಡೆಯ ಹೊರಗಿನ ಪಾರ್ಕಿಂಗ್‌ಗೆ ಹಾಕಿ. ಹೋಟೆಲ್ ಒಳಗೇ ಇದ್ದರೆ ಮೊದಲೇ ಮೇಲ್ ಮಾಡಿ ನಂಬರ್ ಪ್ಲೇಟ್ ನೋಂದಾಯಿಸ್ತೀರಾ, ಯಾವ ದಾರಿಯಿಂದ ಬರಬೇಕು, ಎಷ್ಟು ಗಂಟೆಗೆ ಅಂತ ಬರಹದಲ್ಲಿ ಕೇಳಿ. ಪ್ಲೇಟ್ ನಂಬರ್ ನಿಮಗೆ ಸಿಗೋದೇ ಕೀಲಿ ಕೈಗೆ ಬಂದಮೇಲೆ, ಆಗ ಕೂಡಲೇ ಕಳಿಸಿ.

ದಾರಿಯಲ್ಲಿ ಫ್ಲಾರೆನ್ಸ್‌ಗೆ ಮತ್ತೆ ಬರೋ ಹಾಗಿದ್ದರೆ ವಿಲ್ಲಾ ಕೊಸ್ತಾಂತ್ಸಾ ಪಾರ್ಕಿಂಗ್ ಇದೆ. ಎ1 ಹೆದ್ದಾರಿಯಿಂದ ಟೋಲ್ ದಾಟದೆ ನೇರ ಒಳಗೆ. ಅಲ್ಲಿಂದಲೇ ಟಿ1 ಟ್ರಾಮ್ ಊರೊಳಗೆ ಹೋಗುತ್ತೆ.

ಕಡಲತಡಿ

ಪಾರ್ಕಿಂಗ್ ಗೆರೆಗಳ ಬಣ್ಣ: ಬಿಳಿ ಪುಕ್ಕಟೆ, ನೀಲಿ ದುಡ್ಡು ಕೊಟ್ಟು, ಹಳದಿ ಬೇರೆಯವರಿಗೆ ಮೀಸಲು. ಬಿಳಿಯಲ್ಲೂ ಬೋರ್ಡು ಓದಿ. "ಡಿಸ್ಕೊ ಒರಾರಿಯೊ" ಎಂದಿದ್ದರೆ ಗಾಜಿನ ಹಿಂದೆ ಸಿಕ್ಕಿಸಿರುವ ಗಡಿಯಾರದ ರಟ್ಟಿನಲ್ಲಿ ನೀವು ಬಂದ ಸಮಯ ತೋರಿಸಿಡಬೇಕು. ಪೊರಕೆ ಹೊತ್ತ ಗಾಡಿಯ ಚಿತ್ರ ಮತ್ತು ವಾರದ ಹೆಸರು ಇದ್ದರೆ ಆ ದಿನ ಬೀದಿ ಗುಡಿಸುತ್ತಾರೆ, ಗಾಡಿ ಎತ್ತಿಕೊಂಡು ಹೋಗುತ್ತಾರೆ. ನೀಲಿಯ ಮಷಿನ್ ನಂಬರ್ ಪ್ಲೇಟ್ ಕೇಳುವುದರಿಂದ ನಂಬರ್ ಬರೆದಿರುವ ಕೀಚೈನಿನ ಫೋಟೊ ಫೋನಿನಲ್ಲಿ ಇರಲಿ.

ಬೊಲೊನ್ಯಾ_ಕನ್ನಡಿಗ

ಟೋಲ್ ಬಗ್ಗೆ. ಹೆದ್ದಾರಿಗೆ ಅಲ್ಲಿ ಹಸಿರು ಬೋರ್ಡು, ಮಾಮೂಲಿ ರಸ್ತೆಗೆ ನೀಲಿ. ಒಳಗೆ ಹೋಗೋವಾಗ ಚೀಟಿ ತಗೊಂಡು ಹೊರಗೆ ಬರೋವಾಗ ಕಟ್ಟೋದು. ಚೀಟಿ ಕಳೆದರೆ ಅತಿ ದೂರದ ಟೋಲಿನಿಂದ ಬಂದ ಲೆಕ್ಕದಲ್ಲಿ ಹಾಕ್ತಾರೆ. ಹಳದಿ "ಟೆಲೆಪಾಸ್" ಲೇನು ನಮ್ಮ ಫಾಸ್ಟ್ಯಾಗ್ ಥರ, ಅದಕ್ಕೆ ನುಗ್ಗಬೇಡಿ. ನೀಲಿ ಲೇನು ಕಾರ್ಡಿಗೆ, ನೋಟು ನಾಣ್ಯದ ಚಿತ್ರ ಇದ್ದರೆ ನಗದು. ತಪ್ಪಿ ಹಳದಿಗೆ ಹೋದರೆ ಹಿಂದಕ್ಕೆ ತೆಗೀಬೇಡಿ, ಅದು ದೊಡ್ಡ ಅಪರಾಧ. ಸಹಾಯದ ಗುಂಡಿ ಒತ್ತಿ. ಕಾರ್ಡ್ ಓದದಿದ್ದರೂ ಅಷ್ಟೇ, ಒಂದು ಚೀಟಿ ಬರುತ್ತೆ, 15 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಬಹುದು. ಅಂದಾಜು 100 ಕಿ.ಮೀ.ಗೆ 7ರಿಂದ 10 ಯೂರೊ. ಫ್ಲಾರೆನ್ಸ್–ಸಿಯೆನಾ ರಸ್ತೆಗೆ ಟೋಲ್ ಇಲ್ಲ.

ವೇಗ: ಹೆದ್ದಾರಿ 130, ಮಳೆ ಬಂದರೆ 110, ಮಾಮೂಲಿ ರಸ್ತೆ 90, ಊರೊಳಗೆ 50. "ಟ್ಯೂಟರ್" ಅನ್ನೋ ವ್ಯವಸ್ಥೆ ಎರಡು ಕ್ಯಾಮೆರಾ ನಡುವಿನ ಸರಾಸರಿ ಲೆಕ್ಕ ಹಾಕುತ್ತೆ, ಕ್ಯಾಮೆರಾ ಹತ್ತಿರ ಬ್ರೇಕ್ ಹಾಕಿದರೆ ಪ್ರಯೋಜನ ಇಲ್ಲ. ಊರ ಹೊರಗೆ ಹಗಲಲ್ಲೂ ಹೆಡ್‌ಲೈಟ್ ಉರಿಯಬೇಕು. 2024ರ ಡಿಸೆಂಬರ್‌ನಿಂದ ಕೈಯಲ್ಲಿ ಫೋನ್ ಹಿಡಿದು ಓಡಿಸಿದರೆ ದಂಡ 250 ಯೂರೊದಿಂದ ಶುರು. ಹಂಗಾಗಿ ಊರಿಂದಲೇ ಒಂದು ಫೋನ್ ಹೋಲ್ಡರ್ ತಗೊಂಡು ಬನ್ನಿ.

ದಾರಿ ತಪ್ಪಿ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಹೋಗೋ ಆಸೆ ಬಂದರೆ ಮೊದಲು ಒಪ್ಪಂದ ನೋಡಿ. ಗಡಿ ದಾಟೋಕೆ ಅನುಮತಿ ಬೇಕು, ಶುಲ್ಕ ಇರಬಹುದು. ಆ ದೇಶಗಳ ಹೆದ್ದಾರಿಗೆ ವಿನ್ಯೆಟ್, ಅಂದರೆ ಮೊದಲೇ ದುಡ್ಡು ಕೊಟ್ಟು ತಗೊಳ್ಳೋ ಹೆದ್ದಾರಿ ಚೀಟಿ, ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಒಂದು ದಿನಕ್ಕೂ ಅದೇ 40 ಫ್ರಾಂಕ್‌ನ ವಾರ್ಷಿಕ ವಿನ್ಯೆಟ್ಟೇ.

ಹುಬ್ಬಳ್ಳಿ_ಗ್ಯಾರೇಜ್

ಎಣ್ಣಿ ಹಾಕ್ಸೂದು. ಪಂಪಿನ ಮ್ಯಾಲೆ "ಗಾಝೋಲಿಯೊ" ಅಂತ ಬರದಿರ್ತಾರ, ಅದು ಗ್ಯಾಸೊಲೀನ್ ಅಂದ್ರ ಪೆಟ್ರೋಲ್ ಅನ್ಕೋಬ್ಯಾಡ್ರಿ. ಅದು ಡೀಸೆಲ್ಲು! ಪೆಟ್ರೋಲಿಗೆ "ಬೆಂಜೀನಾ". ಟ್ಯಾಂಕಿನ ಮುಚ್ಚಳದ ಒಳಗ ಚಿತ್ರ ನೋಡ್ರಿ: ಉಂಗುರದಾಗ ಇ5 ಅಥವಾ ಇ10 ಇದ್ರ ಪೆಟ್ರೋಲು, ಚೌಕದಾಗ ಬಿ7 ಇದ್ರ ಡೀಸೆಲ್ಲು. ತಪ್ಪು ಹಾಕಿದ್ರ ಇಗ್ನಿಷನ್ ಆನ್ ಮಾಡಬ್ಯಾಡ್ರಿ, ಅಲ್ಲೇ ತಳ್ಳಿ ಫೋನ್ ಮಾಡ್ರಿ. ಸ್ಟಾರ್ಟ್ ಮಾಡಿದ್ರ ಟ್ಯಾಂಕ್ ತೊಳಿಯೂ ಖರ್ಚಿನ್ಯಾಗ ಮುಗಿಯೂದು ಇಂಜೆಕ್ಟರ್ ತನಕ ಹೋಗ್ತದ.

"ಫಾಯ್ ದಾ ತೆ" ಅಂದ್ರ ನಾವ ಹಾಕ್ಕೊಳ್ಳೂದು, "ಸೆರ್ವೀತೊ" ಅಂದ್ರ ಅವ್ರು ಹಾಕೂದು, ಲೀಟರಿಗೆ 15–25 ಸೆಂಟ್ ಜಾಸ್ತಿ. ಮಷಿನ್ಯಾಗ ಕಾರ್ಡ್ ಹಾಕಿದ್ರ 100 ಯೂರೊದಷ್ಟು ಬ್ಲಾಕ್ ಆಗಿ ಆಮ್ಯಾಲೆ ಸರಿ ಆಗ್ತದ, ಗಾಬರಿ ಬ್ಯಾಡ. ನೋಟು ಹಾಕಿದ್ರ ಚಿಲ್ಲರ ವಾಪಸ್ ಬರಂಗಿಲ್ಲ.

ವಿಮೆ_ಲೆಕ್ಕ

28 ಯೂರೊ ಪ್ರಶ್ನೆಗೆ ಲೆಕ್ಕ ಕೊಟ್ಟುಬಿಡುತ್ತೇನೆ. ಏಳು ದಿನ, ಸುಮಾರು 1100 ಕಿ.ಮೀ., ಎಲ್ಲ ಅಂದಾಜು. ವ್ಯಾಗನ್ ಬಾಡಿಗೆ ದಿನಕ್ಕೆ 45ರಂತೆ 315. ಬೇರೆ ಊರಿನಲ್ಲಿ ಬಿಡುವ ಶುಲ್ಕ 80. ಎರಡನೇ ಚಾಲಕ 70. ಮಗುವಿನ ಬೂಸ್ಟರ್ ಸೀಟು 50. ಕೌಂಟರಿನ ಸೊನ್ನೆ ಎಕ್ಸೆಸ್ 175. ಪೆಟ್ರೋಲ್ 77 ಲೀಟರ್, 1.80ರಂತೆ 140. ಟೋಲ್ 50, ಪಾರ್ಕಿಂಗ್ 80. ಒಟ್ಟು 960, ದಿನಕ್ಕೆ 137. ಹೊರಗಿನ ಪಾಲಿಸಿ ತೆಗೆದುಕೊಂಡರೆ 830, ದಿನಕ್ಕೆ 118ರ ಆಸುಪಾಸು. ಕಾರ್ಡಿನ ವಿನಿಮಯ ಶುಲ್ಕ ಶೇ. 2ರಿಂದ 3.5 ಬೇರೆ.

ಉಳಿಸಲು ಜಾಗ ಬೂಸ್ಟರ್ ಸೀಟು. 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಕಡ್ಡಾಯ, ಆದರೆ ಯುರೋಪಿನ ಸುರಕ್ಷತಾ ಮಾನದಂಡದ ಇಸಿಇ ಗುರುತು ಇರುವುದನ್ನು ಇಲ್ಲಿಂದಲೇ ಒಯ್ಯಬಹುದು. ಎರಡನೇ ಚಾಲಕನ ಹಣ ಉಳಿಸಬೇಡಿ. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ಮೇಲೆ ಬರೆದ ವಿಮೆಯೆಲ್ಲ ಅಲ್ಲಿಗೇ ಸೊನ್ನೆ.

ಘಾಟಿರಸ್ತೆ

ಕೀಲಿ ತಗೊಳ್ಳೋ ಹೊತ್ತು. ಬುಕಿಂಗ್‌ನಲ್ಲಿ ರೈಲು ಅಥವಾ ವಿಮಾನದ ನಂಬರ್ ಹಾಕಿ, ತಡವಾದರೆ ಗಾಡಿ ಬೇರೆಯವರಿಗೆ ಹೋಗಲ್ಲ. ಟ್ಯಾಬ್ಲೆಟ್‌ನಲ್ಲಿ ಸಹಿ ಮಾಡು ಅಂತ ಕೊಟ್ಟರೆ ಮೇಲಕ್ಕೆ ಸರಿಸಿ ಪೂರ್ತಿ ಓದಿ, ಕೇಳದ ಪ್ಯಾಕೇಜಿಗೆ ಗುರುತು ಬಿದ್ದಿರುತ್ತೆ.

ಗಾಡಿ ಹತ್ತಿರ ಹೋಗಿ ನಿಲ್ಲಿಸದೆ ಒಂದೇ ವಿಡಿಯೊ: ನಾಲ್ಕು ಮೂಲೆ, ನಾಲ್ಕು ರಿಮ್, ಮುಂದಿನ ಗಾಜು, ಚಾವಣಿ, ಮುಂದಿನ ಬಂಪರಿನ ಕೆಳ ತುಟಿ, ಕೊನೆಗೆ ಡ್ಯಾಶ್‌ಬೋರ್ಡಿನ ಕಿ.ಮೀ. ಮತ್ತು ಪೆಟ್ರೋಲ್ ಮುಳ್ಳು. ತಗ್ಗು ಗ್ಯಾರೇಜಿನ ಮಂದ ಬೆಳಕಿನಲ್ಲಿ ಗೀರು ಕಾಣಲ್ಲ, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಹಾನಿಯ ಹಾಳೆಯಲ್ಲಿ ಇಲ್ಲದ್ದು ಕಂಡರೆ ಅಲ್ಲಿಂದ ಹೊರಡೋ ಮುಂಚೆ ಬರೆಸಿ ಸಹಿ ಹಾಕಿಸಿ. ಡಿಕ್ಕಿಯಲ್ಲಿ ತ್ರಿಕೋನ, ಹೊಳೆಯುವ ಜಾಕೆಟ್ ಇದೆಯಾ, ಸ್ಟೆಪ್ನಿ ಇದೆಯಾ ಅಥವಾ ಬರೀ ಪಂಕ್ಚರ್ ಕಿಟ್ಟಾ ನೋಡಿ. ಆ ಜಾಕೆಟ್ಟನ್ನು ಡಿಕ್ಕಿಯಿಂದ ತೆಗೆದು ಸೀಟಿನ ಪಕ್ಕಕ್ಕೆ ಇಟ್ಟುಕೊಳ್ಳಿ, ರಾತ್ರಿ ಊರ ಹೊರಗೆ ಇಳಿಯೋವಾಗ ಹಾಕಿಕೊಂಡೇ ಇಳೀಬೇಕು.

ಯಾರಿಗಾದರೂ ತಾಗಿದರೆ 112. ಸಣ್ಣದಾದರೂ ನೀಲಿ ಬಣ್ಣದ ಅಪಘಾತ ನಮೂನೆ ಗ್ಲೌವ್ ಬಾಕ್ಸ್‌ನಲ್ಲಿ ಇರುತ್ತೆ, ಎರಡೂ ಕಡೆಯವರು ತುಂಬಿ ಸಹಿ ಮಾಡಬೇಕು. ಅರ್ಥವಾಗದ ಸಾಲಿಗೆ ಸಹಿ ಹಾಕಬೇಡಿ, ಚಿತ್ರ ಬಿಡಿಸೋ ಜಾಗ ಮಾತ್ರ ತಪ್ಪದೆ ತುಂಬಿ.

ಜಯನಗರ_4ನೇ_ಬ್ಲಾಕ್

ಐ-ಡಬ್ಲ್ಯು-ಎಂ-ಆರ್, ಪೆರೆತೊಲಾದಿಂದ ಮಾರ್ಕೊ ಪೋಲೊ, ಏಳು ದಿನ, ಇಬ್ಬರು ಚಾಲಕರು ಅಂತ ಹುಡುಕ್ತಿದ್ದೀನಿ. ಕೊನೇ ಪ್ರಶ್ನೆ: ವಾಪಸ್ ವಿಮಾನ ಬೆಳಿಗ್ಗೆ ಆರಕ್ಕೆ. ಆಗ ಕೌಂಟರ್ ಮುಚ್ಚಿರುತ್ತೆ, ಕೀಲಿ ಡಬ್ಬಿಗೆ ಹಾಕಿ ಅಂತ ಬರೆದಿದೆ. ಪರವಾಗಿಲ್ವಾ?

ವಿಮೆ_ಲೆಕ್ಕ

ಹಾಗೆ ಮಾಡುವುದು ಬೇಡ. ಡಬ್ಬಿಗೆ ಹಾಕಿದ ಮೇಲೂ ಅವರು ಬೆಳಿಗ್ಗೆ ಬಂದು ನೋಡುವವರೆಗೆ ಹೊಣೆ ನಿಮ್ಮದೇ. ಆ ನಡುವೆ ಬೇರೆ ಗಾಡಿ ತಾಗಿಸಿದರೂ ನಿಮ್ಮ ಲೆಕ್ಕಕ್ಕೇ. ಹಿಂದಿನ ದಿನ ಸಂಜೆ ಕೌಂಟರ್ ತೆರೆದಿರುವಾಗಲೇ ಒಪ್ಪಿಸಿ "ಹಾನಿ ಇಲ್ಲ" ಎಂಬ ಚೀಟಿ ತೆಗೆದುಕೊಳ್ಳಿ, ರಾತ್ರಿ ಬಸ್ಸಿನಲ್ಲಿ ವೆನಿಸ್‌ಗೆ ಹೋಗಿಬನ್ನಿ. ಬಾಡಿಗೆ ದಿನವೆಂದರೆ 24 ಗಂಟೆ, ಬೆಳಿಗ್ಗೆ 10ಕ್ಕೆ ತೆಗೆದುಕೊಂಡದ್ದನ್ನು ಸಂಜೆ 6ಕ್ಕೆ ಕೊಟ್ಟರೆ ಇನ್ನೊಂದು ದಿನ ಬೀಳುತ್ತದೆ, ಅದಕ್ಕೆ ತಕ್ಕಂತೆ ಆರಂಭದ ಗಂಟೆ ಹೊಂದಿಸಿ.

ಹುಬ್ಬಳ್ಳಿ_ಗ್ಯಾರೇಜ್

ಮತ್ತ ಟ್ಯಾಂಕ್ ತುಂಬಿಸಿದ ಚೀಟಿ ಒಗೀಬ್ಯಾಡ್ರಿ. ಏರ್‌ಪೋರ್ಟಿಂದ 10 ಕಿ.ಮೀ. ಒಳಗಿನ ಬಂಕಿಂದು ಇರಲಿ, ಫೋಟೊ ತಗದು ಇಟ್ಕೊಳ್ರಿ. ಮುಳ್ಳು ಒಂದ್ ಗೆರಿ ಕೆಳಗ ಅದ ಅಂತ ಅವ್ರು ಅಂದ್ರ ತೋರಸಾಕ ಬೇಕಾಗ್ತದ.